ಮಾತಾಡಿಸುವ ಕ್ರಮ

ಆಶ್ರಯ ಕೇಂದ್ರಗಳ ಸಿಬ್ಬಂದಿಗೆ ಅಂಥದೇ ಒಂದು ಕೇಂದ್ರದಲ್ಲಿ ಎರಡು ದಿನದ ತರಬೇತಿ ನಡೆದಿತ್ತು. ಮನೆಯಿಲ್ಲದೆ ಬಂದವರನ್ನು ಹೇಗೆ ಮಾತಾಡಿಸಬೇಕೆಂದು ಬೆಂಗಳೂರಿನಿಂದ ಬಂದ ತರಬೇತುದಾರರು ಬೆಳಗಿನಿಂದ ಗಂಟಲು ಹರಿದುಕೊಂಡಿದ್ದರು. ಪಕ್ಕದ ಜಿಲ್ಲೆಯಿಂದ ಬಂದಿದ್ದ ನೀಲವ್ವ ಕೆಲಸಕ್ಕೆ ಸೇರಿ ವಾರವಾಗಿತ್ತಷ್ಟೆ. ಅವಳು ಮೈಯೆಲ್ಲ ಕಿವಿಯಾಗಿ ಕೂತಿದ್ದಳು.

ಊಟದ ಹೊತ್ತಿಗೆ ಮುದುಕನೊಬ್ಬ ಬಾಗಿಲಿಗೆ ಬಂದು ನಿಂತ. ತರಬೇತುದಾರರ ಮುಖ ಅರಳಿತು.

"ನೋಡಿ, ಪಾಠವೇ ನಡ್ಕೊಂಡು ಬಂದಿದೆ! ನೀಲವ್ವ, ನೀವು ಮಾತಾಡಿಸಿ."

ನೀಲವ್ವ ಅಳುಕುತ್ತಲೇ ಎದ್ದು ಹೋಗಿ ಕೈಮುಗಿದಳು.

"ಬರ್ರೀ ಕಾಕಾ, ಕುಂದರ್ರಿ. ನೀರು ಕುಡೀರಿ. ಏನು ಬೇಕಾಗಿತ್ತು, ಸಾವಕಾಶ ಹೇಳ್ರಿ."

"ನಮ್ಮಾಕಿಗೆ ಮೈ ಕೆಂಡದಂಗ ಸುಡಾಕತ್ತೈತಿ, ತಂಗಿ. ಅಲ್ಲಿ ಗಿಡದ ಬುಡಕ ಮಲಗಿಸಿ ಬಂದೀನಿ. ಈ ಮೂಲ್ಯಾಗ ಒಂದೀಟು ಜಾಗ ಕೊಡ್ತೀರೇನು?"

ನೀಲವ್ವ ನೀರಿನ ಲೋಟವನ್ನು ಅವನ ಕೈಗಿತ್ತಳು. "ಕೊಡದ ಏನ್ ಮಾಡೂದು, ಕಾಕಾ! ಕರ್ಕೊಂಡ್ ಬರ್ರಿ, ನಾನೂ ಬರ್ತೀನಿ ನಡೀರಿ."

ಎಲ್ಲರೂ ಚಪ್ಪಾಳೆ ತಟ್ಟಿದರು. "ನೂರಕ್ಕೆ ನೂರು! ಇದೇ ದನಿ, ಇದೇ ನಗು ನಿಮಗೆಲ್ಲ ಬರಬೇಕು," ಎಂದರು ತರಬೇತುದಾರರು.

ನೀಲವ್ವ ಹಿಗ್ಗಿನಿಂದ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ತರಬೇತುದಾರರು ಅವಳನ್ನು ತಡೆದು, ಮುದುಕನ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟು ನಕ್ಕರು.

"ದಯವಿಟ್ಟು ನಾಳೆ ಸಂಜೆ ಬನ್ನಿ, ಯಜಮಾನರೇ. ಈ ತರಬೇತಿಗೆ ಜಾಗ ಬೇಕು ಅಂತಲೇ ಅಲ್ವಾ, ಇಲ್ಲಿದ್ದ ನಿಮ್ಮನ್ನೆಲ್ಲ ನಿನ್ನೆ ಹೊರಗೆ ಕಳಿಸಿದ್ದು?"