ಜೂನೋಗೆ ನೀರು

ಕಾನ್ಸಾಸ್ ಬಯಲಿನ ಆ ಮನೆಯಲ್ಲಿ ಇದ್ದವರು ಇಬ್ಬರೇ. ಗಂಡ ಸತ್ತ ಮೇಲೆ ಮಾತೇ ಬಿಟ್ಟಿದ್ದ ಹೆಸ್ಟರ್, ಮತ್ತು ಅವಳ ಮಹಡಿಯ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದ ಮುದಿ ಮೇಜರ್. ಪ್ರಾಯವನ್ನೆಲ್ಲ ಅಶ್ವದಳದಲ್ಲಿ ಸವೆಸಿದವರು ಅವರು. ಕುದುರೆ ನೀರು ಕುಡಿಯುವ ತನಕ ಸವಾರ ತುತ್ತು ಮುಟ್ಟಬಾರದು ಎಂಬುದು ದಳದ ಕಟ್ಟಳೆ. ಊಟಕ್ಕೆ ಕೂತೊಡನೆ ತಮ್ಮ ಕುದುರೆಯ ಬಗ್ಗೆ ಕೇಳುತ್ತಿದ್ದರು: "ಜೂನೋ ನೀರು ಕುಡೀತೇನಮ್ಮ?"

ಲಾಯದಲ್ಲಿ ಕುದುರೆಯೇ ಇರಲಿಲ್ಲ. ಮೇಜರ್ ಊರಿಗೆ ಬಂದದ್ದೇ ರೈಲಿನಲ್ಲಿ. ಪಾಪ, ಅರಳುಮರಳು ಎಂದು ಮರುಗಿ ಹೆಸ್ಟರ್ ದಿನಾ ಬಕೆಟ್ ಹಿಡಿದು ಲಾಯದ ತನಕ ಹೋಗಿ ಬರುತ್ತಿದ್ದಳು.

"ಕುಡೀತು ಮೇಜರ್. ಬಕೆಟ್ಟಿಗೇ ಮೂತಿ ತೂರಿಸಿ ನನ್ನ ಲಂಗವೆಲ್ಲ ಒದ್ದೆ ಮಾಡ್ತು."

ಬರಬರುತ್ತ ಕಥೆ ಬೆಳೆಯಿತು. ಜೂನೋ ಮುನಿಸಿಕೊಂಡಿತು, ಬಾಲದಿಂದ ಹೊಡೆಯಿತು, ಸೇಬು ಕದ್ದಿತು. ಹೇಳುತ್ತ ಹೇಳುತ್ತ ಅವಳೇ ಬಿದ್ದು ಬಿದ್ದು ನಗುತ್ತಿದ್ದಳು. ಮೇಜರರ ಸಾರು ಆರುತ್ತಿತ್ತು.

ಒಂದು ಸಂಜೆ ಅಂಗಳದ ಹಿಮದಲ್ಲಿ ಜಾರಿ ಬಿದ್ದು, ಮಂಡಿ ತರಚಿಕೊಂಡು ಬಂದವಳಿಗೆ ರೇಗಿಹೋಯಿತು. ಬಕೆಟ್ಟನ್ನು ದಡಕ್ಕನೆ ನೆಲಕ್ಕೆ ಕುಕ್ಕಿದಳು.

"ಲಾಯದಲ್ಲಿ ಯಾವ ಕುದುರೆಯೂ ಇಲ್ಲ ಮೇಜರ್! ನಿಮ್ಮ ಜೂನೋ ಎಂದೋ ಸತ್ತಿರಬೇಕು."

ಮೇಜರ್ ಚಮಚ ಕೆಳಗಿಟ್ಟು ತಲೆಯೆತ್ತಿದರು. ಕಣ್ಣುಗಳು ತಿಳಿಯಾಗಿಯೇ ಇದ್ದವು.

"ಗೊತ್ತು ಕಣಮ್ಮ. ಕಾಲು ಮುರಿದು ಬಿದ್ದಾಗ ಅದಕ್ಕೆ ಗುಂಡು ಹೊಡೆದವನೇ ನಾನು. ಆದರೆ ಈ ಮನೇಲಿ ನೀನು ಬಾಯಿ ಬಿಡೋದು ಅದರ ವಿಷಯಕ್ಕೆ ಮಾತ್ರ ಅಲ್ವಾ?"