ನೆಲಬೇವಿನ ಕಷಾಯ

ಚರ್ಚಿನಲ್ಲಿ ಪ್ರಭುಭೋಜನಕ್ಕೆ ಬೇಕಾದ ದ್ರಾಕ್ಷಾರಸವನ್ನು ಸಿದ್ಧಮಾಡುವುದು ಮೊದಲಿನಿಂದಲೂ ತಬಿತಮ್ಮನ ಕೆಲಸ. ಒಬ್ಬನೇ ಮಗ ಜ್ವರದಲ್ಲಿ ತೀರಿಕೊಂಡ ಮೇಲೆ ಬಂದ ಮೊದಲ ಭೋಜನದ ಭಾನುವಾರ, ಆಕೆ ಅದಕ್ಕೆ ನೆಲಬೇವಿನ ಕಷಾಯವನ್ನು ಧಾರಾಳವಾಗಿ ಬೆರೆಸಿದಳು.

“ಅಯ್ಯೋ ಅತ್ತಿಗೆ, ದೇವರ ಪಾತ್ರೆಗೆ ಇಂಥ ಕಹೀನ ಹಾಕ್ತಾರಾ?” ಎಂದು ನಾದಿನಿ ಕೈ ಹಿಡಿದಳು.

“ನನ್ನ ಕೂಸು ಸಾಯೋವರೆಗೂ ಇದನ್ನೇ ಕುಡೀತು. ನನ್ನ ಪ್ರಾರ್ಥನೆ ಕೇಳದ ಆ ಕಿವುಡನಿಗೂ ಇದರ ರುಚಿ ಗೊತ್ತಾಗ್ಲಿ.”

“ಸಭೆಯವರೂ ಕುಡೀಬೇಕಲ್ಲ!”

“ಕುಡೀಲಿ ಬಿಡು. ಅವನನ್ನ ಹೊಗಳೋ ಬಾಯಿಗಳು ತಾನೇ?”

ಆ ಬಾಯಿಗಳು ಕಿವುಚಿಕೊಳ್ಳುವುದನ್ನು ಕಣ್ಣಾರೆ ನೋಡಬೇಕೆಂದು ತಬಿತಮ್ಮ ಮುಂದಿನ ಸಾಲಿನಲ್ಲೇ ಕುಳಿತಳು. ಪದ್ಧತಿಯಂತೆ ಪಾದ್ರಿಯವರು ಮೊದಲು ತಾವು ಒಂದು ಗುಟುಕು ಕುಡಿದರು. ಕಹಿ ನಾಲಿಗೆಗೆ ತಾಗುತ್ತಲೇ ಪಾತ್ರೆಯನ್ನು ತುಟಿಯಿಂದ ಇಳಿಸಿದರು. ಅವರ ನೋಟ ತಬಿತಮ್ಮನ ಕಡೆ ತಿರುಗಿತು. ಆಕೆ ಕಣ್ಣು ತಗ್ಗಿಸಲಿಲ್ಲ.

ಸಭೆಯೆಲ್ಲ ಬೆರಗಾಗಿ ನೋಡುತ್ತಿರಲು, ಅವರು ಪಾತ್ರೆಯನ್ನು ಮತ್ತೆ ತುಟಿಗಿಟ್ಟು ತಳ ಕಾಣುವವರೆಗೂ ಕುಡಿದರು. ಒಬ್ಬರಿಗೂ ಕೊಡಲಿಲ್ಲ. ಬಳಿಕ ಮೆಟ್ಟಿಲಿಳಿದು ಬಂದು, ಬರಿದಾದ ಆ ಪಾತ್ರೆಯನ್ನು ಆಕೆಯ ಮುಂದೆ ಹಿಡಿದರು.

“ಇನ್ನೂ ಇದ್ರೆ ಅದನ್ನೂ ಹಾಕಮ್ಮ.”