ಒಳಕ್ಕೆ ಬಾಗಿದ ಕೊಕ್ಕೆ

ದಾವಣಗೆರೆಯಲ್ಲಿ ರುದ್ರಮುನಿ ಅಂತ ಒಬ್ಬ ಸಿವಿಲ್ ಇಂಜಿನಿಯರ್... ಇಪ್ಪತ್ತೆಂಟು ವರ್ಷದ ಅನುಭವ. ಯಾವ ಬಡಾವಣೆಗೆ ಹೋದರೂ ಅವರು ಕಟ್ಟಿಸಿದ ಒಂದಾದರೂ ಮನೆ ಸಿಗುತ್ತದೆ.

ಅಂಥವರಿಗೆ "ತರಬೇತಿಗೆ ಬನ್ನಿ" ಅಂದರೆ ಮೈ ಉರಿಯದೆ ಇರುತ್ತದೆಯೇ?

ಆದರೆ ಇಂಜಿನಿಯರುಗಳ ಸಂಘದವರು ಸರ್ಟಿಫಿಕೇಟ್ ಬೇಕೇ ಬೇಕು ಅಂದಿದ್ದರು. ಸರಿ, ಸಹಿ ಹಾಕಿ, ತಿಂಡಿ ತಿಂದು, ಮಧ್ಯಾಹ್ನಕ್ಕೆ ಜಾಗ ಖಾಲಿ ಮಾಡುವುದು ಅಂತ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತರು.

ಎರಡು ಗಂಟೆಗೆ ಬೇರೆ ಕೆಲಸವೂ ಇತ್ತು. ಅವರ ಕೈಯಲ್ಲಿದ್ದ ಹೊಸ ಹೆರಿಗೆ ಆಸ್ಪತ್ರೆಯ ಕಂಬಗಳಿಗೆ ಅಂದು ಕಾಂಕ್ರೀಟ್.

ಕಾಂಕ್ರೀಟ್ ಹಾಕುವ ಮೊದಲು ಇಂಜಿನಿಯರ್ ಖುದ್ದಾಗಿ ನಿಂತು ಕಂಬಿಗಳನ್ನು ನೋಡಬೇಕು. ಹಿಂದಿನ ಸಂಜೆ ಕಂಬಿ ಮೇಸ್ತ್ರಿ ಖಾಸಿಂ ಸಾಬ್ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದರು. ಇವರು ಕಾರಿನಲ್ಲಿ ಕುಳಿತೇ ಒಂದು ಥಂಬ್ಸ್ ಅಪ್ ಒತ್ತಿದ್ದರು...

ಚೆಕಿಂಗ್ ಮುಗಿದಿತ್ತು!

ತರಬೇತಿ ಕೊಡಲು ಬಂದವರು ನಿಖಿತಾ ಅಂತ, ರುದ್ರಮುನಿಯವರ ಮಗಳ ವಯಸ್ಸಿನ ಇಂಜಿನಿಯರ್. ಮೇಜಿನ ಮೇಲೆ ಒಂದಿಷ್ಟು ಕಂಬಿ ತುಂಡು ಇಟ್ಟು, "ಕಂಬದ ರಿಂಗ್ ಯಾರು ಮಾಡಿ ತೋರಿಸ್ತೀರಿ?" ಅಂದರು.

ರುದ್ರಮುನಿ ಎದ್ದರು. ಸೈಟಿನಲ್ಲೇ ಪಳಗಿದ ಕೈ. ಎರಡು ನಿಮಿಷದಲ್ಲಿ, ಕಂಬದ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಚೌಕದ ರಿಂಗ್ ತಯಾರು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಿಖಿತಾ ರಿಂಗನ್ನು ತಿರುಗಿಸಿ ನೋಡಿದರು. "ಕೈ ಚೆನ್ನಾಗಿದೆ ಸರ್. ಆದ್ರೆ ತುದಿಯ ಕೊಕ್ಕೆ ಅಂಚಿಗೆ ಸುಮ್ನೆ ಮಲಗಿದೆ. ಭಾರ ಬಿದ್ದು ಮೇಲಿನ ಕಾಂಕ್ರೀಟ್ ಉದುರಿದ್ರೆ ಇದು ಬಿಚ್ಕೊಳ್ಳುತ್ತೆ. ಕೊಕ್ಕೆ ಕಂಬದ ಒಳಕ್ಕೆ ಬಾಗಬೇಕು."

"ನಾನು ಇಪ್ಪತ್ತೆಂಟು ವರ್ಷದಿಂದ ಹಿಂಗೇ ಮಾಡಿಸ್ತಿರೋದು," ಅಂದರು ರುದ್ರಮುನಿ. ಮುಖ ಬಿಗಿಯಾಗಿತ್ತು.

"ಸರ್, ಸಿಟಿ ಬಸ್ಸಲ್ಲಿ ನಿಂತಾಗ ರಾಡನ್ನ ಬೆರಳು ಮಡಚಿ ಹಿಡ್ಕೊತೀವಿ ಅಲ್ವಾ? ಬರೀ ಅಂಗೈ ತಾಗಿಸಿ ನಿಂತ್ರೆ, ಬ್ರೇಕ್ ಹಾಕೋವರೆಗೂ ಏನೂ ಗೊತ್ತಾಗಲ್ಲ."

ಸಭೆ ನಕ್ಕಿತು. ರುದ್ರಮುನಿಯವರು ನಗಲಿಲ್ಲ.

ಅವರಿಗೆ ಇನ್ನೊಂದು ಮಾತು ನೆನಪಾಗಿತ್ತು. ನಾಲ್ಕು ತಿಂಗಳ ಹಿಂದೆ ಖಾಸಿಂ ಸಾಬ್ ತಲೆ ಕೆರೆದುಕೊಂಡು, "ಸರ್, ಈ ಕೊಕ್ಕೆ ಒಳಾಕ ತಿರುವಿದ್ರೆ ಹೆಂಗ್ರಿ?" ಅಂತ ಇದನ್ನೇ ಕೇಳಿದ್ದರು.

"ಕಂಬಿ ಕಟ್ಟೋದು ನಿನ್ ಕೆಲಸ. ತಲೆ ಓಡ್ಸೋದು ನಂದು," ಅಂತ ಇವರು ಎಲ್ಲರೆದುರು ಗದರಿದ್ದರು...

ಗಡಿಯಾರ ನೋಡಿದರು. ಹನ್ನೆರಡೂವರೆ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕಾಂಕ್ರೀಟ್ ಬಿದ್ದರೆ ಕೊಕ್ಕೆ ಕಾಣುವುದೂ ಇಲ್ಲ. ಬಾಯಿ ಬಿಟ್ಟರೆ ಇಪ್ಪತ್ತೆಂಟು ವರ್ಷದ ಹೆಸರು ಒಂದೇ ಮಧ್ಯಾಹ್ನಕ್ಕೆ ಮಣ್ಣುಪಾಲು.

ಆದರೆ ಆ ಕಂಬಗಳ ಮೇಲೆ ಬಾಣಂತಿಯರು ಮಲಗುತ್ತಾರೆ, ಪಕ್ಕದಲ್ಲಿ ಒಂದು ದಿನದ ಕೂಸು...

ಹೊರಗೆ ಬಂದು ಆಸ್ಪತ್ರೆ ಕಟ್ಟಿಸುತ್ತಿದ್ದ ಡಾಕ್ಟರಮ್ಮನಿಗೆ ಫೋನ್ ಮಾಡಿದರು.

"ಮೇಡಂ, ಇವತ್ತು ಕಾಂಕ್ರೀಟ್ ಬ್ಯಾಡ. ಕಂಬಿಯೊಳಗೆ ತಪ್ಪಾಗೈತಿ. ಮೇಸ್ತ್ರಿದಲ್ಲ... ನಂದು. ನಾನು ನೋಡದೇನೇ ಓಕೆ ಅಂದಿದ್ದೆ."



"ಹೊಲಿಗೆ ಹಾಕೋಕೆ ಮುಂಚೆ ಹೇಳಿದ್ರಲ್ಲ ಸರ್, ಅಷ್ಟು ಸಾಕು. ನಿಲ್ಸಿ," ಅಂದರು ಡಾಕ್ಟರಮ್ಮ.

ಸೈಟಿಗೆ ಬಂದವರೇ ಖಾಸಿಂ ಸಾಬರನ್ನು ಕರೆದು, "ಒಂದು ಕಂಬದ ಹಲಗೆ ಬಾಕ್ಸ್ ಬಿಚ್ಚು," ಅಂದರು.

ಖಾಸಿಂ ಸಾಬರ ಮುಖ ಬಿಳಿಚಿಕೊಂಡಿತು. ಹಲಗೆ ಬಿಚ್ಚಿ ಪಕ್ಕಕ್ಕೆ ನಿಂತು, "ಬೈಬ್ಯಾಡ್ರಿ ಸರ್... ನಿಮ್ ಮಾತು ಮೀರೀನಿ," ಅಂದರು.

ರುದ್ರಮುನಿ ಬಗ್ಗಿ ನೋಡಿದರು.

ಒಂದೊಂದು ರಿಂಗಿನ ಕೊಕ್ಕೆಯೂ ಕಂಬದ ಒಳಕ್ಕೆ ಬಾಗಿತ್ತು...

"ಯಾರು ಹೇಳಿಕೊಟ್ರು ನಿಂಗೆ?"

"ಕೂಲಿ ಕಾರ್ಮಿಕರಿಗೆ ಅಂತ ಒಂದಿನ ಕ್ಲಾಸ್ ಇಟ್ಟಿದ್ರು ಸರ್. ಕೆಲಸ ಬಿಟ್ಟು ಹೋಗಿದ್ದೆ. ನಿಮ್ಮನ್ನ ಕೇಳ್ದೆ, ನೀವು ಬ್ಯಾಡ ಅಂದ್ರಿ. ಮನೆಗೆ ಹೋದ್ರೆ ನಿದ್ದೆ ಬರಲಿಲ್ರಿ ಸರ್. ಮೊನ್ನೆ ಮಗನ ಮದುವೆ ಆಗೈತಿ. ನಾಳೆ ಸೊಸೆ ಹೆರಿಗೆ ಇಲ್ಲೇ ಆದ್ರೂ ಆತು ಅನಿಸ್ತು. ನಿಮ್ಗೆ ಫೋಟೋ ಕಳಿಸಿದ್ದೆ, ನೀವು ಓಕೆ ಅಂದ್ರಿ..."

ಫೋಟೋದಲ್ಲಿ ಎಲ್ಲವೂ ಇತ್ತು. ರುದ್ರಮುನಿ ಅದನ್ನು ದೊಡ್ಡದು ಮಾಡಿಯೂ ನೋಡಿರಲಿಲ್ಲ.

ಅವರು ಅಲ್ಲೇ ಸಿಮೆಂಟ್ ಚೀಲದ ಮೇಲೆ ಕುಳಿತುಬಿಟ್ಟರು. ಎದೆಯ ಮೇಲಿನ ಬಂಡೆ ಇಳಿದ ಹಾಗಾಗಿ ನಗು ಬಂತು. ನಗುತ್ತಾ ನಗುತ್ತಾ ಕಣ್ಣು ತುಂಬಿಕೊಂಡಿತು.

"ಖಾಸಿಂ ಸಾಬ್ರೇ... ಅವತ್ತು ನಾನು ಆಡಿದ ಮಾತು ಮರ್ತುಬಿಡ್ರಿ."

ಜೊತೆಗೆ ಕೆಲಸ ಮಾಡಿದ ಹನ್ನೆರಡು ವರ್ಷದಲ್ಲಿ ಮೊದಲ ಸಲ ಹೆಸರಿನ ಮುಂದೆ ಆ ಗೌರವ ಕೇಳಿ ಖಾಸಿಂ ಸಾಬ್ ಟೋಪಿ ಸರಿಮಾಡಿಕೊಂಡರು.

ಆ ಸಂಜೆ ರುದ್ರಮುನಿ ಇಪ್ಪತ್ತನಾಲ್ಕು ಕಂಬಗಳ ಹಲಗೆಯನ್ನೂ ಬಿಚ್ಚಿಸಿ ತಾವೇ ನೋಡಿದರು. ಒಂದರಲ್ಲಿ ಎರಡು ರಿಂಗ್ ತಪ್ಪಾಗಿದ್ದವು, ಇಬ್ಬರೂ ಸೇರಿ ಸರಿಮಾಡಿದರು. ಮರುದಿನ ಬೆಳಿಗ್ಗೆ ಕಾಂಕ್ರೀಟ್ ಬಿತ್ತು. ತಾವು ಕಟ್ಟಿಸಿದ ಹಳೆಯ ಕಟ್ಟಡಗಳನ್ನು ಈಗ ನಿಖಿತಾ ಅವರ ಜೊತೆ ಒಂದೊಂದಾಗಿ ಪರೀಕ್ಷಿಸುತ್ತಿದ್ದಾರೆ.

ಮುಂದಿನ ತರಬೇತಿ ಎರಡು ವರ್ಷದ ಮೇಲೆ ಬಂತು, ಅದಕ್ಕೂ ಅವರು ಹೋದರು. ಈ ಸಲ ಮೊದಲ ಸಾಲು. ಪಕ್ಕದ ಕುರ್ಚಿಯಲ್ಲಿ ಖಾಸಿಂ ಸಾಬ್, ಅವರ ಮೊಬೈಲಿನಲ್ಲಿ ಮೊಮ್ಮಗಳ ಫೋಟೋ... ಅದೇ ಆಸ್ಪತ್ರೆಯಲ್ಲಿ ಹುಟ್ಟಿದ್ದು.

ರುದ್ರಮುನಿ ಆ ಫೋಟೋವನ್ನು ಮಾತ್ರ ದೊಡ್ಡದು ಮಾಡಿ ಮಾಡಿ ನೋಡಿದರು.

*ಕಲಿಯುವುದನ್ನು ನಿಲ್ಲಿಸಿದ ದಿನದಿಂದ ನಮ್ಮ ಅನುಭವ ಬರೀ ವರ್ಷಗಳ ಲೆಕ್ಕ ಅಷ್ಟೇ.*

ನಿಮಗಿಂತ ಚಿಕ್ಕ ಕೆಲಸ ಮಾಡುವವರು ನಿಮ್ಮನ್ನು ತಿದ್ದಲು ಬಂದಾಗ, ನೀವು ಕಳೆದ ಸಲ ಏನು ಹೇಳಿ ಕಳಿಸಿದಿರಿ?